ಮುತ್ಯಾನ ಬಂದೂಕಿಗೆ ಹೊಸ ದಸ್ತಾ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬಾಲ್ಯದ ನೆನಪೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದರು. ನಾನು ಬರೆಯಹೊರಟಿರುವುದು ಒಂದು ಬಂದೂಕಿನ ವಿಚಾರ. ವಿದ್ಯಾಮಂದಿರದ ಸಂಚಿಕೆಗೆ ಇದು ಸಲ್ಲುವ ವಸ್ತುವೇ ಎಂಬ ಸಂಕೋಚ ನನಗೂ ಇದೆ. ಓದುಗರು ತುಸು ತಾಳ್ಮೆ ವಹಿಸಿದರೆ ಶಾಲೆಯೂ ಬರುತ್ತದೆ.

ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜನವರ ಬೇಟೆಯ ಬಂದೂಕು ಇತ್ತು. ಅಕ್ಕಲಕೋಟೆ ಇನ್ನೂ ಸಂಸ್ಥಾನವಾಗಿದ್ದ ಕಾಲದ್ದು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1966ರಲ್ಲಿ, ನಾನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ, ಅಜ್ಜನವರು ತೀರಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಚಿಗರಿಯ ಬೇಟೆಯ ಮಾತೇ ನಿಂತಿತು. 1979ರಲ್ಲಿ ಸೊಲ್ಲಾಪುರದ ಹತ್ತಿರ ನಾನ್ನಜದಲ್ಲಿ ಮಾಳಢೋಕ ಹಕ್ಕಿಗಾಗಿ ಅಭಯಾರಣ್ಯವೇ ಆಯಿತು. ಚಿಗರಿಗಳು ಅಲ್ಲಿ ನಿರ್ಭಯವಾಗಿ ಮೇಯುತ್ತವೆ. ಅದೇ ಸರಿ. ತಂದೆಯವರು ಬಂದೂಕಿನಿಂದ ಒಂದು ಗುಂಡನ್ನೂ ಹಾರಿಸಲಿಲ್ಲ. ಪರವಾನಗಿಯನ್ನು ಮಾತ್ರ ತಪ್ಪದೆ ನವೀಕರಿಸುತ್ತಿದ್ದರು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಅರಿವೆಯಲ್ಲಿ ಸುತ್ತಿ ತರುತ್ತಿದ್ದರು. 2012ರಲ್ಲಿ ಅವರೂ ಹೋದರು. ಪರವಾನಗಿ ನನ್ನ ಹೆಸರಿಗೆ ಬಂತು.

2014ರ ಚುನಾವಣೆಗೆಂದು ಅದನ್ನು ಎತ್ತಿಕೊಂಡಾಗ ದಸ್ತಾ, ಎಂದರೆ ಹೆಗಲಿಗೆ ಆನಿಸುವ ಮರದ ಭಾಗ, ಕುತ್ತಿಗೆಯಲ್ಲಿ ಮುರಿದು ನನ್ನ ಕೈಯಲ್ಲೇ ಉಳಿಯಿತು. ಬಲಮಗ್ಗುಲನ್ನು ಗೆದ್ದಲು ಬಹುತೇಕ ತಿಂದುಹಾಕಿತ್ತು. ಮಕ್ಕಳು, "ಸರಕಾರಕ್ಕ ಒಪ್ಪಿಸಿ ಬಿಡ್ರಿ, ಅಪ್ಪಾ" ಎಂದರು. ಮಾತು ನ್ಯಾಯವಾದದ್ದೇ. ಆದರೆ ಅಜ್ಜನವರ ಗುರುತಾಗಿ ಮನೆಯಲ್ಲಿ ಉಳಿದಿದ್ದುದು ಇದೊಂದೇ. ಒಂದು ಭಾವಚಿತ್ರವೂ ಇಲ್ಲ.

ಅದು ಮಾರ್ಟಿನಿ ಜಾತಿಯ ಬಂದೂಕು. 1871ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ಮಾರ್ಟಿನಿ-ಹೆನ್ರಿಯ ಯಂತ್ರವನ್ನೇ ಬೇಟೆಗೆ ಅಳವಡಿಸಿದ್ದು. ಬಹುತೇಕ ಬೇಟೆಯ ರೈಫಲ್‌ಗಳಿಗೆ ಆದಿಯಿಂದ ಅಂತ್ಯದವರೆಗೆ ಒಂದೇ ಮರ. ಇದಕ್ಕೆ ಎರಡು ತುಂಡು: ನಳಿಗೆಯ ಅಡಿಗೊಂದು, ಹೆಗಲಿಗೊಂದು, ನಡುವೆ ಕಬ್ಬಿಣದ ಪೆಟ್ಟಿಗೆ. ಹೆಗಲಿನ ಮರದ ಉದ್ದಕ್ಕೂ ಕೊರೆದ ರಂಧ್ರದಲ್ಲಿ ಉದ್ದನೆಯ ಬೋಲ್ಟೊಂದು ಹಾದು ಆ ಪೆಟ್ಟಿಗೆಯನ್ನು ಕಚ್ಚಿಕೊಳ್ಳುತ್ತದೆ. ರಂಧ್ರ ಎಳೆಯಷ್ಟು ಓರೆಯಾದರೂ ಮರ ಕಬ್ಬಿಣಕ್ಕೆ ಸಮನಾಗಿ ಕೂಡದು. ಸಮನಾಗಿ ಕೂಡದ ಮರ ಗುಂಡಿನ ಹಿಮ್ಮೆಟ್ಟಿಗೆ ಸೀಳುತ್ತದೆ.

ಎರಡು ವರ್ಷ ಹುಡುಕಿದೆ. ಅಕ್ಕಲಕೋಟೆಯ ರಾಜಮನೆತನದ ಶಸ್ತ್ರಾಗಾರಕ್ಕೂ ಹೋಗಿ, ಹಳೆಯ ಬಂದೂಕುಗಳ ಮರವನ್ನೇ ನೋಡುತ್ತ ನಿಂತೆ. 2003ರಲ್ಲಿ ಕಠ್ಮಂಡುವಿನ ಹಳೆಯ ಅರಮನೆಯೊಂದರ ಉಗ್ರಾಣದಿಂದ ಸಾವಿರಾರು ಹಳೆಯ ಬಂದೂಕುಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದರು. ಮಾರ್ಟಿನಿಗಳು ಅದರಲ್ಲಿ ಬಹಳವಿದ್ದವು. ಆದರೆ ಅವು ಸೈನ್ಯದ ಮಾದರಿಯವು. ನಮ್ಮದರ ದಸ್ತಾ ಅದಕ್ಕಿಂತ ತೆಳು. ಪುಣೆಯ ಪರವಾನಗಿದಾರ ಬಂದೂಕು ದುರಸ್ತಿಗಾರರೊಬ್ಬರು ನೋಡಿ, "ಸಿದ್ಧವಾದದ್ದು ಸಿಕ್ಕದು, ಕೆತ್ತಿಸಿ ತನ್ನಿ, ಕೂಡಿಸಿಕೊಡುತ್ತೇನೆ" ಎಂದರು. ಬಂದೂಕನ್ನು ಬಡಗಿಯ ಕೈಗೆ ಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಅವರಲ್ಲಿ ಉಳಿಯಿತು, ಮುರಿದ ಕಟ್ಟಿಗೆ ನನ್ನ ಚೀಲದಲ್ಲಿ ಬಂತು.

ಅದನ್ನು ಹಿಡಿದುಕೊಂಡು ಹೋದದ್ದು ಸೊಲ್ಲಾಪುರಕ್ಕೆ, ನಮ್ಮ ಶಾಲೆಯ ಸಹಪಾಠಿಯ ಬಡಗಿ ಅಂಗಡಿಗೆ. ಬೋರ್ಡು ಮರಾಠಿಯಲ್ಲಿ, ಲೆಕ್ಕದ ವಹಿ ಕನ್ನಡದಲ್ಲಿ. ನಾನು ಸಾಗವಾನಿ ಎಂದೆ. "ಬಾಗಿಲಕ್ಕ ಛಲೋ. ಪೆಟ್ಟು ಬಿದ್ರ ಎಳಿ ಹಿಡದು ಸೀಳತದ" ಎಂದ. ಜಾಲಿ ಗಟ್ಟಿ, ಆದರೆ ಭಾರ, ಬೀಟೆಯೂ ಹಾಗೆಯೇ. ಹಳೆಯದು ಅಕ್ರೋಟದ ಮರ: ಹಗುರ, ಬಿಗಿ, ಒಣಗಿದ ಮೇಲೆ ಸೊಟ್ಟಗಾಗದು. ಶ್ರೀನಗರದ ಬಂದೂಕು ತಯಾರಕರು ಬಳಸುವುದೂ ಅದನ್ನೇ. ದುರಸ್ತಿಗಾರರ ಮೂಲಕ ಅಲ್ಲಿಂದಲೇ ಒಂದು ಹಲಗೆ ತರಿಸಲು ಏಳು ತಿಂಗಳು ಹಿಡಿಯಿತು. ಬಂದ ಮೇಲೂ ಗೆಳೆಯ ಉಳಿ ಮುಟ್ಟಲಿಲ್ಲ. "ಗಡ್ಡಾ ಯಾತ್ರಿ ಮುಗೀಲಿ" ಎಂದ.

ಮೊದಲು ರಂಧ್ರ, ಆಮೇಲೆ ಆಕಾರ ಎಂಬುದು ಅವನ ನಿಯಮ. ಆಕಾರಕ್ಕಾಗಿ ಇಬ್ಬರೂ ಕುಳಿತು, ಚಿತ್ರಕಲೆಯ ತಾಸಿನಲ್ಲಿ ಕಲಿತಂತೆ, ಚೌಕುಳಿ ಕಾಗದದ ಮೇಲೆ ಅಂಗುಲಕ್ಕೊಂದು ಅಡ್ಡಕೊಯ್ತ ಬರೆದೆವು. ಗೆದ್ದಲು ತಿಂದ ಬಲಮಗ್ಗುಲನ್ನು ಎಡಮಗ್ಗುಲಿನ ಪ್ರತಿಬಿಂಬವಾಗಿ ತುಂಬಿಕೊಂಡರಾಯಿತು ಎಂದು ನಾನು. ಅವನು ಉಳಿದಿದ್ದ ಬಲದಂಚಿನ ಮೇಲೆ ಹೆಬ್ಬೆರಳನ್ನು ಬಹಳ ಹೊತ್ತು ಆಡಿಸಿದ.

"ಇಲ್ಲಿ ಒಂದು ಉಬ್ಬು ಇತ್ತು. ಗಲ್ಲ ಇಡೂ ಜಾಗ. ಬಲಗೈಯವರಿಗೆ ಇದು ಎಡಕ್ಕ ಇರಬೇಕು. ಏನೋ, ನಿಮ್ಮ ಮುತ್ಯಾ ಎಡಚ ಇದ್ರೇನು?"

ನನಗೆ ತಿಳಿಯದು. ಮರುದಿನ ಸೋದರತ್ತೆಯ ಮನೆಗೆ ಹೋಗಿ ಕೇಳಿದೆ.

"ಹೌದಪಾ. ಗುಂಡು ಹಾರಿಸೂದು, ಬಾರಕೋಲ ಬೀಸೂದು, ಎಲ್ಲಾ ಎಡಗೈಲೇ. ನಿಮ್ಮಪ್ಪನೂ ಹಾಂಗ ಹುಟ್ಟಿದ್ದ. ನಮ್ಮವ್ವ ಅವನ ಕೈಗೆ ಅರಬಿ ಕಟ್ಟಿ ಕಟ್ಟಿ ಬಿಡಿಸಿದ್ಳು."

ನಾನು ಎಡಗೈಯವನು. ಪಾಟಿಯ ಮೇಲೆ ಎಡಗೈಯಲ್ಲಿ ಗೀಚಿದಾಗಲೆಲ್ಲ ತಂದೆಯವರು ಕಟ್ಟಿಗೆಯ ಪಟ್ಟಿಯಿಂದ ಹೊಡೆಯುತ್ತಿದ್ದರು; ನಮ್ಮ ಮನೆತನದಲ್ಲಿ ಎಡಚರು ಯಾರೂ ಇಲ್ಲ ಎನ್ನುತ್ತಿದ್ದರು. 1976ರಲ್ಲಿ ಒಂದನೆಯ ಇಯತ್ತೆಗೆ ಬಂದಾಗ, ಗುರುಗಳ ಮುಂದೆ ನಾನು ಬಳಪವನ್ನು ಬಲಗೈಗೆ ಬದಲಿಸಿಕೊಂಡೆ. ಅವರು ನೋಡಿ, ಬಳಪವನ್ನು ತಿರುಗಿ ಎಡಗೈಗೆ ಇಟ್ಟರು. "ಅಕ್ಷರ ದುಂಡಗಿರಲಿ, ಸಾಕು" ಎಂದರು. ಮನೆಯಲ್ಲಿ ಬಲಗೈ, ಶಾಲೆಯಲ್ಲಿ ಎಡಗೈ ಎಂದು ಎರಡು ವರ್ಷ ನಡೆಯಿತು. ಆಮೇಲೆ ಗುರುಗಳೇ ಒಂದು ಸಂಜೆ ನಮ್ಮ ಮನೆಗೆ ಬಂದು ತಂದೆಯವರೊಡನೆ ಮಾತನಾಡಿದರು. ಏನು ಮಾತಾಯಿತೋ, ಪಟ್ಟಿ ಮತ್ತೆ ಕಾಣಲಿಲ್ಲ. ತಂದೆಯವರ ಮೇಲೆ ನನಗಿದ್ದ ಮುನಿಸು ಮಾತ್ರ ಅವರಿರುವವರೆಗೂ ಪೂರ್ತಿ ಇಳಿಯಲಿಲ್ಲ. ಅರಿವೆ ಕಟ್ಟಿದ ಆ ಚಿಕ್ಕ ಕೈಯ ಸುದ್ದಿ ನನಗೆ ತಿಳಿದದ್ದು ಅವರು ಹೋಗಿ ಐದು ವರ್ಷಗಳಾದ ಮೇಲೆ.

ಮಾರ್ಟಿನಿಯ ಸನ್ನೆ ಇರುವುದು ಅಡಿಯಲ್ಲಿ, ತೋಟಾ ತುಂಬುವುದು ಮೇಲಿನಿಂದ; ಎಡಬಲದ ಭೇದವಿಲ್ಲ. ಆಮೇಲೆ ಬಂದ ಬಂದೂಕುಗಳ ಹಿಡಿ ಬಲಕ್ಕಿರುತ್ತದೆ. ಅಜ್ಜನವರು ಕೊನೆಯವರೆಗೆ ಈ ಹಳೆಯದನ್ನೇ ಏಕೆ ಇಟ್ಟುಕೊಂಡರೆಂಬುದು ನನಗೆ ಹೊಳೆದದ್ದು ಆಗ.

ಗೆಳೆಯ ಬಲಮಗ್ಗುಲಿಗೆ ಉಬ್ಬು ಬಿಟ್ಟು ಕೆತ್ತಿದ. ಅಗಸಿ ಎಣ್ಣೆಯನ್ನು ದಿನಕ್ಕೊಂದು ಸಲ, ತೆಳ್ಳಗೆ, ಅಂಗೈಯಿಂದ ತಿಕ್ಕುವ ಕೆಲಸ ನನ್ನದಾಯಿತು. ಒಂದೂವರೆ ತಿಂಗಳು ತಿಕ್ಕಿದೆ. ಪುಣೆಯಲ್ಲಿ ಬೋಲ್ಟು ಬಿಗಿದು ದುರಸ್ತಿಗಾರರು ಬಂದೂಕನ್ನು ನನ್ನ ಕೈಗಿತ್ತಾಗ ಎಡಹೆಗಲಿಗೆ ಆನಿಸಿದೆ. ಗಲ್ಲ ತಾನಾಗಿಯೇ ಜಾಗ ಹುಡುಕಿಕೊಂಡಿತು. ಮಜೂರಿ ಕೊಡಹೋದರೆ ಗೆಳೆಯ ಹಲಗೆಯ ಬೆಲೆಯನ್ನಷ್ಟೇ ವಹಿಯಲ್ಲಿ ಬರೆದುಕೊಂಡ.

ಮುರಿದ ದಸ್ತಾವನ್ನು ಸೋದರತ್ತೆ ಕೇಳಿ ಪಡೆದರು. ಅವರ ಮನೆಯ ಗೋಡೆಯ ಮಾಡದಲ್ಲಿ ಅದಿದೆ. ಗೆದ್ದಲು ಮತ್ತೆ ಹತ್ತದಿರಲೆಂದು ಆಗಾಗ ಬೇವಿನೆಣ್ಣೆ ಸವರುತ್ತಾರೆ.