ಉದುರಿದ ಎಲೆಗೆ ಬೆಂಕಿಯೇಕೆ?

ಚಳಿ ಸರಿಯುತ್ತಿದ್ದಂತೆ ಬೆಂಗಳೂರಿನ ಹೊಂಗೆಮರಗಳು ಎಲೆ ಉದುರಿಸುತ್ತವೆ. ಗುಡಿಸಿದ ರಾಶಿ ಒಯ್ಯಲು ಗಾಡಿ ಬಾರದಿದ್ದರೆ ಬೆಂಕಿಯೇ ಸುಲಭ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಿವೆ. ಮೊದಲು ನುಂಗುವವರು ಪೊರಕೆ ಹಿಡಿದವರು, ನಂತರ ಶಾಲೆಗೆ ಹೊರಟ ಮಕ್ಕಳು.

ಈ ನಗರದವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಕಸದ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂತು. 2016ರ ಡಿಸೆಂಬರಿನಲ್ಲಿ ಮಂಡಳಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ. ದೊಡ್ಡ ರಾಶಿಗೆ 25,000. ಉದ್ಯಾನದ ಕಸವನ್ನು ಆದಷ್ಟೂ ಉದ್ಯಾನದಲ್ಲೇ ಸಂಸ್ಕರಿಸಬೇಕೆಂದು ಅದೇ ವರ್ಷದ ನಿಯಮಗಳು ನಗರಾಡಳಿತಗಳಿಗೆ ಸೂಚಿಸಿದ್ದವು.

ಎಚ್‌ಎಸ್‌ಆರ್ ಬಡಾವಣೆಯ ಉದ್ಯಾನವೊಂದರಲ್ಲಿ ಗೊಬ್ಬರ ಮಾಡುವುದನ್ನು ಕಲಿಸಲೆಂದೇ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಹುಟ್ಟಿತು. ವಿಧಾನ ಸರಳ: ಜಾಲರಿ ಗೂಡಿಗೆ ಎಲೆ ತುಂಬಿ, ಸಗಣಿನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಉಳಿದದ್ದು ಸೂಕ್ಷ್ಮಜೀವಿಗಳ ಕೆಲಸ. ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಸುಟ್ಟರೆ ಹಿಡಿ ಬೂದಿ. ಕೊಳೆತರೆ ಮರದ್ದು ಮರಕ್ಕೇ.