ಕಂಪ್ಯೂಟರ್ ಸ್ತಬ್ಧ ಆದಾಗ ಮೈನ್ ಸ್ವಿಚ್ಚಿಗೆ ಕೈ ಹಾಕಬೇಡಿ

ಹದಿನೈದು ದಿನದಿಂದ ಏನೂ ಬರೆಯೋಕೆ ಆಗಿರಲಿಲ್ಲ. ಮಳೆ ಬಿಡುವೇ ಕೊಡ್ತಿಲ್ಲ. ಮಂಡಗದ್ದೆ ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಹಿಡಿದು ಕೂತಿವೆ, ನಾವೂ ಮನೆ ಹಿಡಿದು ಕೂತಿದ್ದೇವೆ. ಎರಡನೇ ಔಷಧಿಗೆ ಮೈಲುತುತ್ತ, ಸುಣ್ಣ ತಂದಿಟ್ಟು ಮೋಡ ನೋಡೋದೇ ಕೆಲಸ. ಇವತ್ತು ಕೊಳೆರೋಗದ ವಿಷಯ ಅಲ್ಲ, ಕಂಪ್ಯೂಟರ್ ವಿಷಯ ಬರೀತಿದ್ದೇನೆ. ನಗಬೇಡಿ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದೆಲ್ಲ ಯಾಕೆ ಅಂತ ನಮ್ಮನೆಯವಳೂ ಕೇಳಿದಳು. ಆದ್ರೆ ಈಗ ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮಕ್ಕಳು ಬಿಟ್ಟುಹೋದ ಕಂಪ್ಯೂಟರ್ ಒಂದಿದೆ. ಅಡಿಕೆ ಲೆಕ್ಕ, ಆಳಿನ ಲೆಕ್ಕ ಅದರಲ್ಲೇ ಇಡೋರೂ ಇದ್ದಾರೆ. ನನಗೆ ಆದದ್ದು ನಿಮಗೆ ಆಗಬಾರದು ಅಂತ ಬರೀತಿದ್ದೇನೆ.

ನಮ್ಮನೆ ಕಂಪ್ಯೂಟರ್ 2020ರಲ್ಲಿ ಬಂದಿದ್ದು. ಕೊರೋನಾ ಟೈಮಲ್ಲಿ ಮಗಳಿಗೆ ಆನ್‌ಲೈನ್ ಕ್ಲಾಸು ಅಂತ ಸೆಕೆಂಡ್ ಹ್ಯಾಂಡ್ ತಂದೆ. ನೆಟ್‌ವರ್ಕ್ ಮಾತ್ರ ದಣಪೆ ಹತ್ರ ನಿಂತರೆ ಎರಡು ಕಡ್ಡಿ. ಅವಳು ಮೊಬೈಲ್ ಹಿಡಿದು ದಣಪೆ ಹತ್ರ ಕ್ಲಾಸ್ ಕೇಳಿ, ಮನೆಗೆ ಬಂದು ಕಂಪ್ಯೂಟರಲ್ಲಿ ಟೈಪ್ ಮಾಡೋದು. ಆಮೇಲೆ ಕೆಲಸ ಅಂತ ಬೆಂಗಳೂರಿಗೆ ಹೋದಳು. ಹೋಗೋ ಮುಂಚೆ "ಅಪ್ಪಯ್ಯ, ಲೆಕ್ಕದ ಪುಸ್ತಕ ಗೆದ್ದಲು ತಿಂತದೆ, ಇದರಲ್ಲಿ ಬರಿ" ಅಂತ ಎಕ್ಸೆಲ್ ಕಲಿಸಿಕೊಟ್ಟಳು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಲಿತೆ. ಮೂರು ವರ್ಷದ ಲೆಕ್ಕ ಅದರಲ್ಲೇ ಇತ್ತು. ಪುಸ್ತಕದಲ್ಲಿ ಬರೆಯೋದು ಬಿಟ್ಟೇ ಬಿಟ್ಟೆ. ಅದು ಮೊದಲನೇ ತಪ್ಪು.

ಹೋದ ವರ್ಷ ಪುಷ್ಯ ಮಳೆ ಜೋರಾಗಿ ಹಿಡಿದಿತ್ತು. ಒಂದು ಸಂಜೆ ಊಟಕ್ಕೆ ಮುಂಚೆ ಕೂತು ಔಷಧಿ ಹೊಡೆದ ಲೆಕ್ಕ ಹಾಕ್ತಿದ್ದೆ. ಎಷ್ಟು ಡ್ರಮ್ ಆಯ್ತು, ಕೊನೆಗಾರನಿಗೆ ಎಷ್ಟು ಕೊಟ್ಟಿದ್ದೇನೆ, ಎಷ್ಟು ಬಾಕಿ. ಇದ್ದಕ್ಕಿದ್ದ ಹಾಗೆ ಬಾಣದ ಗುರುತು ನಿಂತುಬಿಡ್ತು. ಮೌಸ್ ಎಳೆದರೂ ಇಲ್ಲ, ಒತ್ತಿದರೂ ಇಲ್ಲ. ಒಂದು ನಿಮಿಷ ನೋಡಿದೆ. ಹೊರಗೆ ಗುಡುಗು ಬೇರೆ. ಕರೆಂಟ್ ಹೋಗೋ ಮುಂಚೆ ಆಫ್ ಮಾಡೋಣ ಅಂತ ಎದ್ದವನೇ ಗೋಡೆಯ ಸ್ವಿಚ್ ಒತ್ತಿ, ಪ್ಲಗ್ಗನ್ನೂ ಕಿತ್ತೆ. ಪಂಪ್‌ಸೆಟ್ ಕೈಕೊಟ್ಟರೆ ನಾವು ಹಂಗೇ ತಾನೆ ಮಾಡೋದು?

ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಬಿಳೀ ಇಂಗ್ಲಿಷ್ ಅಕ್ಷರ ನಾಲ್ಕು ಸಾಲು. ಅಷ್ಟೇ. ವಿಂಡೋಸ್ ಒಳಗೇ ಹೋಗಲಿಲ್ಲ.

ಭಾನುವಾರ ಕೊನೆಗಾರ ಲೆಕ್ಕಕ್ಕೆ ಬಂದ. ಹದಿನೆಂಟು ವರ್ಷದಿಂದ ನಮ್ಮ ತೋಟ ಹತ್ತಿದವನು. ನನ್ನ ಹತ್ರ ಲೆಕ್ಕ ಇಲ್ಲ. ಬಾಯಲ್ಲೇ ಹೇಳಿದೆ, "ನೀನು ಮುಂಗಡ ಹನ್ನೆರಡು ಸಾವಿರ ತಗೊಂಡಿದೀಯ." ಅವನು "ಏಳು ಅಲ್ವಾ ಗೌಡ್ರೇ?" ಅಂದ. "ಕಂಪ್ಯೂಟರಲ್ಲಿ ನಾನೇ ಬರೆದಿದ್ದೇನೆ, ಹನ್ನೆರಡು" ಅಂದೆ. ಸುಳ್ಳು ಹೇಳಿದ್ದಲ್ಲ, ನನಗೆ ಹಾಗೇ ನೆನಪು. ಅವನು ಸ್ವಲ್ಪ ಹೊತ್ತು ಅಂಗಳ ನೋಡಿದ. "ಆಯ್ತು ಬಿಡಿ, ಕಂಪ್ಯೂಟರಲ್ಲಿ ಇದೆ ಅಂದ್ಮೇಲೆ ಸರಿ ಇರ್ತದೆ" ಅಂತ ಕೊಟ್ಟಷ್ಟು ತಗೊಂಡು ಕೊಪ್ಪೆ ಹಾಕ್ಕೊಂಡು ಹೋದ. ಮುಂದಿನ ವಾರ ಔಷಧಿಗೆ ಹೇಳಿ ಕಳಿಸಿದರೆ ಬೇರೆ ತೋಟ ಒಪ್ಪಿಕೊಂಡಿದ್ದೇನೆ ಅಂತ ಸುದ್ದಿ ಬಂತು.

ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡೋ ಒಬ್ಬ ಹುಡುಗನ ಹತ್ರ ಡಬ್ಬ ತಗೊಂಡು ಹೋದೆ. ಅವನು ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ವಿಂಡೋಸ್ ಕೆಟ್ಟಿತ್ತು, ಫೈಲುಗಳು ಇದ್ದವು. ಆ ಸಂಜೆ ಸೇವ್ ಮಾಡದೇ ಟೈಪ್ ಮಾಡಿದ್ದು ಹೋಗಿತ್ತು, ಹಳೇದೆಲ್ಲ ಸಿಕ್ತು. ಅಲ್ಲೇ ನಿಂತು ತೆಗೆಸಿ ನೋಡಿದೆ. ಮುಂಗಡ ಏಳು ಸಾವಿರ. ಅದರ ಕೆಳಗಿನ ಸಾಲಲ್ಲಿ ಐದು ಸಾವಿರ, ಮೈಲುತುತ್ತ ಮತ್ತು ಸುಣ್ಣದ್ದು. ಎರಡನ್ನೂ ಕೂಡಿಸಿ ತಲೆಯಲ್ಲಿ ಇಟ್ಟುಕೊಂಡಿದ್ದೆ.

ಅಲ್ಲಿಂದ ಸೀದಾ ಅವನ ಮನೆಗೆ ಹೋದೆ. ಐದು ಸಾವಿರ ಕೈಯಲ್ಲಿಟ್ಟು ತಪ್ಪಾಯ್ತು ಮಾರಾಯ ಅಂದೆ. ಅವನ ಹೆಂಡತಿ ಒಳಗಿಂದ ಗೋಡೆ ಕ್ಯಾಲೆಂಡರ್ ತಂದು ತೋರಿಸಿದಳು. ಮುಂಗಡ ತಂದ ದಿನಗಳ ಮೇಲೆಲ್ಲ ಪೆನ್ನಲ್ಲಿ ಬರೆದಿದ್ದಾಳೆ. ಮೂರು, ಎರಡು, ಎರಡು. ಒಟ್ಟು ಏಳು. "ಅವತ್ತು ಕೇಳಿದ್ರೆ ತೋರಿಸ್ತಿದ್ವಿ, ನೀವು ಕೇಳ್ಲಿಲ್ಲ" ಅಂದಳು. ನನಗೆ ಉತ್ತರ ಇರಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ. ಕೊಯ್ಲಿಗೆ ಅವನು ವಾಪಸ್ ಬಂದ ಅನ್ನಿ. ಬರದೇ ಇದ್ದಿದ್ದರೂ ನನಗೆ ಕೇಳೋ ಮುಖ ಇರಲಿಲ್ಲ.

ಇಷ್ಟಕ್ಕೆಲ್ಲ ಕಂಪ್ಯೂಟರ್ ಕಾರಣ ಅಲ್ಲ, ನನ್ನ ನೆನಪಿನ ಸೊಕ್ಕು ಕಾರಣ. ಆದ್ರೂ ಆ ಪ್ಲಗ್ ಕೀಳದೇ ಇದ್ದಿದ್ದರೆ ಭಾನುವಾರ ಲೆಕ್ಕ ಇಬ್ಬರ ಕಣ್ಣೆದುರಿಗೂ ಇರ್ತಿತ್ತು. ಹಂಗಾಗಿ ಆ ರಿಪೇರಿ ಹುಡುಗನ ಹತ್ರ, ಮಗಳ ಹತ್ರ ಕೇಳಿ ಕೇಳಿ ಕಲಿತೆ.

ಮೊದಲು, ಪ್ಲಗ್ ಕಿತ್ತರೆ ಏನಾಗ್ತದೆ ಅಂತ. ನಮ್ಮ ಅಜ್ಜನ ಕಾಲದ ಶಾನುಭೋಗರನ್ನು ನೆನೆಸಿಕೊಳ್ಳಿ. ಲೆಕ್ಕ ಮೊದಲು ಸ್ಲೇಟಿನ ಮೇಲೆ ಹಾಕಿ, ಆಮೇಲೆ ಪುಸ್ತಕಕ್ಕೆ ಇಳಿಸ್ತಾರೆ ಅಂತ ಇಟ್ಟುಕೊಳ್ಳಿ. ಕಂಪ್ಯೂಟರಿನ ರ‍್ಯಾಮ್ ಅನ್ನೋದು ಸ್ಲೇಟು, ಹಾರ್ಡ್ ಡಿಸ್ಕ್ ಪುಸ್ತಕ. ಕರೆಂಟ್ ಹೋದ ಕ್ಷಣ ಸ್ಲೇಟು ಪೂರ್ತಿ ಅಳಿಸಿಹೋಗ್ತದೆ. ಅದಕ್ಕಿಂತ ಕೆಟ್ಟದ್ದು, ಪುಸ್ತಕಕ್ಕೆ ಇಳಿಸ್ತಾ ಇರುವಾಗಲೇ ಕೈಯಿಂದ ಪುಸ್ತಕ ಕಿತ್ತುಕೊಂಡರೆ ಅರ್ಧ ಬರೆದ ಸಾಲು ಉಳಿದುಬಿಡ್ತದೆ. ಆ ಅರ್ಧ ಸಾಲು ವಿಂಡೋಸ್‌ನ ಮುಖ್ಯ ಫೈಲಿನದ್ದಾದರೆ ಮಾರನೇ ದಿನ ಕಂಪ್ಯೂಟರ್ ಏಳೋದಿಲ್ಲ. ಹಳೇ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗ್ತಾ ಇರ್ತದಂತೆ. ಸರಿಯಾಗಿ ಶಟ್‌ಡೌನ್ ಮಾಡೋದು ಅಂದರೆ ಸ್ಲೇಟಲ್ಲಿ ಇರೋದನ್ನೆಲ್ಲ ಪುಸ್ತಕಕ್ಕೆ ಇಳಿಸಿ, ಪುಸ್ತಕ ಮುಚ್ಚೋಕೆ ಟೈಮ್ ಕೊಡೋದು.

ಇನ್ನು ಸ್ತಬ್ಧ ಆದಾಗ ನಾನು ಮಾಡೋ ಕ್ರಮ. ಇದೇ ಕ್ರಮದಲ್ಲಿ ಮಾಡಿ, ಹಾರಿಸಬೇಡಿ.

ಒಂದು. ಕೈ ಕಟ್ಟಿ ಕೂರಿ. ಐದರಿಂದ ಹತ್ತು ನಿಮಿಷ. ಡಬ್ಬದ ಮುಂದೆ ಸಣ್ಣ ದೀಪ ಮಿಣ ಮಿಣ ಅಂತಿದ್ದರೆ ಡಿಸ್ಕ್ ಓಡ್ತಾ ಇದೆ ಅಂತ ಅರ್ಥ. ಹಳೇ ಮೆಷಿನ್ನು, ನಿಧಾನ. ಎಷ್ಟೋ ಸಲ ತಾನೇ ಸರಿ ಆಗ್ತದೆ.

ಎರಡು. ಜೀವ ಇದೆಯಾ ನೋಡಿ. ಕೀಬೋರ್ಡಲ್ಲಿ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಬದುಕಿದೆ, ಯಾವುದೋ ಒಂದು ಪ್ರೋಗ್ರಾಂ ಮಾತ್ರ ಸಿಕ್ಕಿಕೊಂಡಿದೆ. ಮೌಸ್ ಒಂದೇ ಕೆಲಸ ಮಾಡ್ತಿಲ್ಲ ಅಂದರೆ ಅದರ ವೈರ್ ಬಿಚ್ಚಿ ಹಾಕಿ. ವೈರ್ ಇಲ್ಲದ ಮೌಸಾದರೆ ಸೆಲ್ ಬದಲಿಸಿ. ನಮ್ಮ ನೆಂಟರೊಬ್ಬರು ಸೆಲ್ ಮುಗಿದಿದ್ದಕ್ಕೆ ಮೈನ್ ಆಫ್ ಮಾಡಿದ್ದರು.

ಮೂರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರ್ತದೆ. ‘ನಾಟ್ ರೆಸ್ಪಾಂಡಿಂಗ್’ ಅಂತ ಬರೆದಿರೋ ಪ್ರೋಗ್ರಾಂ ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಅದರಲ್ಲಿ ಸೇವ್ ಮಾಡದ್ದು ಹೋಗಬಹುದು, ಬೇರೆಯದೆಲ್ಲ ಉಳೀತದೆ.

ನಾಲ್ಕು. ಅದೂ ಬರದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಒಟ್ಟಿಗೆ. ಈ ಮೂರು ಕೀ ಜೋಡಿಸಿದ್ದು ಐಬಿಎಂ ಕಂಪನಿಯ ಇಂಜಿನಿಯರ್ ಡೇವಿಡ್ ಬ್ರಾಡ್ಲಿ ಅಂತೆ, 1981ರಲ್ಲಿ ಬಂದ ಅವರ ಮೊದಲ ಪಿಸಿ ಮಾಡುವಾಗ. ಆಗ ಇದನ್ನು ಒತ್ತಿದರೆ ನೇರ ರೀಸ್ಟಾರ್ಟ್ ಆಗ್ತಿತ್ತು. ಈಗ ಒಂದು ಪರದೆ ಬರ್ತದೆ. ಅದರ ಕೆಳಗೆ ಬಲಮೂಲೆಯಲ್ಲಿ ಪವರ್ ಗುರುತು ಇದೆ. ಮೌಸ್ ಓಡದಿದ್ದರೆ ಟ್ಯಾಬ್ ಕೀ ಒತ್ತಿ ಒತ್ತಿ ಅಲ್ಲಿಗೆ ಹೋಗಿ ಎಂಟರ್ ಕೊಡಿ, ಶಟ್‌ಡೌನ್ ಆರಿಸಿ.

ಐದು. ಪರದೆ ಪೂರ್ತಿ ಕಪ್ಪಾಗಿ ಡಬ್ಬ ಮಾತ್ರ ಓಡ್ತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಹಿಡಿದುಕೊಂಡು ಬಿ ಒತ್ತಿ. ವಿಂಡೋಸ್ 10, 11ರಲ್ಲಿ ಪರದೆಯ ಭಾಗ ಮಾತ್ರ ಹೊಸದಾಗಿ ಶುರುವಾಗ್ತದೆ. ತೆರೆದಿದ್ದು ಏನೂ ಮುಚ್ಚೋದಿಲ್ಲ.

ಆರು. ಯಾವುದಕ್ಕೂ ಬಗ್ಗದಿದ್ದರೆ ಕಡೇದು, ಡಬ್ಬದ ಪವರ್ ಬಟನ್. ಮೊದಲು ಒಂದು ಸಲ ಒತ್ತಿ ಬಿಟ್ಟು ಎರಡು ನಿಮಿಷ ಕಾಯಿರಿ, ತಾನಾಗಿ ಶಟ್‌ಡೌನ್ ಆಗಬಹುದು. ಆಗದಿದ್ದರೆ ಒತ್ತಿ ಹಿಡಿದುಕೊಂಡು ಮನಸ್ಸಲ್ಲಿ ಹತ್ತು ಎಣಿಸಿ. ಆಫ್ ಆಗ್ತದೆ. ಲ್ಯಾಪ್‌ಟಾಪಿಗೂ ಇದೇ. ಹೀಗೆ ಮಾಡಿದರೂ ಸೇವ್ ಮಾಡದ್ದು ಹೋಗ್ತದೆ, ಅರ್ಧ ಸಾಲಿನ ಅಪಾಯವೂ ಇದೆ. ಅದಕ್ಕೇ ಇದು ಕಡೇದು. ಗೋಡೆ ಸ್ವಿಚ್ ಇದಕ್ಕೂ ಆಮೇಲೆ, ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಮಾತ್ರ ನೇರ ಅಲ್ಲಿಗೆ ಹೋಗಿ.

‘ಅಪ್ಡೇಟ್ ಆಗ್ತಾ ಇದೆ, ಆಫ್ ಮಾಡಬೇಡಿ’ ಅಂತ ಪರದೆ ಮೇಲೆ ಇಂಗ್ಲಿಷಲ್ಲಿ ಇದ್ದರೆ ಅದು ಸ್ತಬ್ಧ ಆದದ್ದಲ್ಲ. ನಮ್ಮ ಹಳೇ ಮೆಷಿನ್ನಲ್ಲಿ ಗಂಟೆಗಟ್ಟಲೆ ಹಿಡಿದಿದೆ. ಆಗ ಬಟನ್ ಮುಟ್ಟಲೇಬೇಡಿ.

ಆಫ್ ಆದಮೇಲೆ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಡಿಸ್ಕ್ ಪರೀಕ್ಷೆ ಅಂತ ಶೇಕಡಾ ಲೆಕ್ಕ ತೋರಿಸಿದರೆ ಮುಗಿಯೋ ತನಕ ಬಿಡಿ. ಎಕ್ಸೆಲ್ ತೆರೆದಾಗ ಉಳಿದ ಫೈಲ್ ಬೇಕಾ ಅಂತ ಕೇಳಬಹುದು. ಅದು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಒಂದು ನಕಲು ಇಟ್ಟುಕೊಂಡಿರ್ತದೆ. ಬೇಕು ಅನ್ನಿ, ತೆಗೆದು ನೋಡಿ, ಆಮೇಲೆ ಸೇವ್ ಮಾಡಿ. ನಾನು ಈಗ ನಾಲ್ಕು ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತೋದು ರೂಢಿ ಮಾಡಿದ್ದೇನೆ.

ಪದೇ ಪದೇ ಸ್ತಬ್ಧ ಆಗ್ತಿದ್ದರೆ ಕಾರಣ ಹುಡುಕಿ. ನಮ್ಮದರ ಮುಚ್ಚಳ ತೆಗೆದಾಗ ಫ್ಯಾನ್ ತುಂಬ ಧೂಳು, ಅಡಿಕೆ ಸುಲಿಯೋ ಜಗಲಿಯ ಪಕ್ಕದ ಕೋಣೆಯಲ್ಲೇ ಇಟ್ಟಿದ್ದೆವು. ಮೂಲೆಯಲ್ಲಿ ಹಲ್ಲಿ ಮೊಟ್ಟೆ ಬೇರೆ. ಗಾಳಿ ಆಡದೆ ಬಿಸಿ ಆದರೆ ನಿಲ್ಲೋದೇ. ಪ್ಲಗ್ ತೆಗೆದು ಬ್ರಷ್ಷಲ್ಲಿ ಕ್ಲೀನ್ ಮಾಡಿ ಜಾಗ ಬದಲಿಸಿದೆ. ಡಿಸ್ಕ್ ತುಂಬಿದ್ದರೂ, ರ‍್ಯಾಮ್ ಕಡಿಮೆ ಇದ್ದರೂ ಹೀಗಾಗ್ತದೆ. ಇನ್ನೊಂದು ವಿಷಯ, ವಿಂಡೋಸ್ 10ರಲ್ಲಿ ಬೇಗ ಏಳಲಿ ಅಂತ ಶಟ್‌ಡೌನ್ ಕೊಟ್ಟಾಗ ಒಳಗಿನ ಸ್ವಲ್ಪ ಭಾಗವನ್ನು ಹಾಗೇ ಕಟ್ಟಿ ಇಟ್ಟುಕೊಳ್ತದೆ. ಪೂರ್ತಿ ಹೊಸದಾಗಿ ಶುರು ಆಗೋದು ರೀಸ್ಟಾರ್ಟ್ ಕೊಟ್ಟಾಗ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ಆ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಬ್ಯಾಂಕ್ ಕೆಲಸ ಅದರಲ್ಲಿ ಮಾಡೋರು ಮಕ್ಕಳ ಹತ್ರ ಒಂದು ಮಾತು ಕೇಳಿಕೊಳ್ಳಿ.

ಗುಡುಗು ಸಿಡಿಲಿಗೆ ಪ್ಲಗ್ ಕೀಳಲೇಬೇಕು. ಆದ್ರೆ ಶಟ್‌ಡೌನ್ ಆದಮೇಲೆ. ಮೋಡ ಕಪ್ಪಾಗ್ತಿದ್ದ ಹಾಗೆ ಎದ್ದು ಮಾಡಿದರೆ ಗಡಿಬಿಡಿ ಇಲ್ಲ. ಇಂಟರ್ನೆಟ್ ವೈರ್ ಇದ್ದರೆ ಅದನ್ನೂ ಬಿಚ್ಚಿ. ಕರೆಂಟ್ ಕಣ್ಣಾಮುಚ್ಚಾಲೆ ಇರೋ ನಮ್ಮ ಕಡೆ ಯುಪಿಎಸ್ ಇದ್ದರೆ ಒಳ್ಳೇದು. ಅದು ರಾತ್ರಿಯೆಲ್ಲ ಓಡಿಸೋಕಲ್ಲ, ಸೇವ್ ಮಾಡಿ ಮುಚ್ಚೋಕೆ ನಾಲ್ಕು ನಿಮಿಷ ಸಿಗಲಿ ಅಂತ.

ಮೊನ್ನೆ ಮಂಗಳವಾರ ಮತ್ತೆ ನಿಂತಿತ್ತು. ಕೈ ಸ್ವಿಚ್ ಕಡೆ ಹೋಗಿದ್ದು ಸುಳ್ಳಲ್ಲ. ತಡೆದು ಕೂತೆ. ಕ್ಯಾಪ್ಸ್ ಲಾಕ್ ಹತ್ತಿತು, ಟಾಸ್ಕ್ ಮ್ಯಾನೇಜರ್ ಬಂತು, ಸಿಕ್ಕಿಕೊಂಡಿದ್ದು ಇಂಟರ್ನೆಟ್ ನೋಡೋ ಪ್ರೋಗ್ರಾಂ. ಅದೊಂದನ್ನು ಮುಚ್ಚಿದೆ, ಲೆಕ್ಕ ಹಾಗೇ ಇತ್ತು.

ಈಗ ಲೆಕ್ಕ ಮೂರು ಕಡೆ ಇದೆ. ಕಂಪ್ಯೂಟರಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು, ಅಡಿಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಲ್ಲಿ ಒಂದು. ಮುಂಗಡ ಕೊಟ್ಟ ದಿನ ಕೊನೆಗಾರನ ಎದುರೇ ಕ್ಯಾಲೆಂಡರಲ್ಲಿ ಬರೀತೇನೆ, ಅವನು ಓದಿ ಹೂಂ ಅಂತಾನೆ. ನಾಳೆ ಹೊಳವು ಕೊಟ್ಟರೆ ಔಷಧಿಗೆ ಬರ್ತೇನೆ ಅಂದಿದ್ದಾನೆ. ನಿಮ್ಮ ಕಡೆ ಎರಡನೇ ಔಷಧಿ ಮುಗೀತಾ ತಿಳಿಸಿ.