‘ಕೊಟ್ಟಿನಾಡು’ ಅಂದರೆ ಹೊಡೆದ

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತೂವರೆ. 2025ರ ಜೂನ್ ನಡುಭಾಗ. ಊರಿಗೆ ಊರೇ ಮಾವಿನ ವಾಸನೆ. ಮಂಡಿಗಳ ಮುಂದೆ ತೋತಾಪುರಿ ಹೇರಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು, ಹರಾಜಿನ ದನಿಯಲ್ಲಿ ಮಾತ್ರ ಹುರುಪಿರಲಿಲ್ಲ. ಕರ್ನಾಟಕದ ತೋತಾಪುರಿ ತಮ್ಮ ಕಡೆಯ ತಿರುಳಿನ ಕಾರ್ಖಾನೆಗಳಿಗೆ ಬರಕೂಡದೆಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಆ ತಿಂಗಳ ಮೊದಲ ವಾರದಲ್ಲಿ ತಡೆ ಹಾಕಿತ್ತು. ಬೆಲೆ ನೆಲಕಚ್ಚಿ, ಬೆಳೆಗಾರರು ಬಂದ್ ಮಾಡಿ, ಬೆಂಬಲ ಬೆಲೆಗೆ ಪಟ್ಟು ಹಿಡಿದಿದ್ದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಒಪ್ಪಿಕೊಂಡಿತು. ಆದರೆ ನಾನು ಹೋದ ದಿನ ಆ ಸುದ್ದಿ ಇನ್ನೂ ಬಂದಿರಲಿಲ್ಲ. ಹಣ್ಣು ಆರಿಸುವ ಹೆಂಗಸರು ಕುಕ್ಕರಗಾಲಲ್ಲಿ ಕೂತು ಕೂಲಿ ಸಿಗುತ್ತದೋ ಇಲ್ಲವೋ ಎಂದು ಮಾಲೀಕರ ಮುಖ ನೋಡುತ್ತಿದ್ದರು.

ನನ್ನ ಓಡಾಟ ಮಾವಿನದಲ್ಲ. ಮನೆಯಲ್ಲಿ ಏಟು ತಿಂದವರು, ಸಾಲ ವಸೂಲಿಯವರ ಕಾಟಕ್ಕೆ ಹೆದರಿದವರು, ಜಾತಿಯ ಕಾರಣಕ್ಕೆ ಅವಮಾನ ಉಂಡವರು ಕೋಲಾರ ಜಿಲ್ಲೆಯಲ್ಲಿ ಯಾರ ಬಾಗಿಲು ತಟ್ಟುತ್ತಾರೆ, ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ನೋಡಲು ಮೂರು ದಿನ ಇಟ್ಟುಕೊಂಡು ಹೊರಟಿದ್ದೆ.

ಮೊದಲ ಬಾಗಿಲು ಅಂಗಡಿ ಮಳಿಗೆಯೊಂದರ ಮೇಲಿತ್ತು. ಕಡಿದಾದ ಮೆಟ್ಟಿಲು, ಒಂದೇ ಕೋಣೆ. ಹೆಂಗಸರಿಗೆ ಸಮಾಲೋಚನೆ ಕೊಡುವ ಸಣ್ಣ ಸ್ವಯಂಸೇವಾ ಸಂಸ್ಥೆ ಅದು. ಅಲ್ಲಿಗೆ ಬರುವವರ ನೆಮ್ಮದಿಗೆ ಕುಂದಾಗದಿರಲೆಂದು ಅದರ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೊರಗೆ ಬೋರ್ಡು ಚಿಕ್ಕದು. ಬೋರ್ಡು ದೊಡ್ಡದಾದರೆ ಮೆಟ್ಟಿಲು ಹತ್ತುವವರನ್ನು ಊರೇ ನೋಡುತ್ತದೆ ಎಂದರು ಅಲ್ಲಿನ ಸಮಾಲೋಚಕಿ. ಐವತ್ತರ ಹತ್ತಿರದ ಹೆಂಗಸು, ನೂಲಿನ ಸೀರೆ, ಮೇಜಿನ ಮೇಲೆ ರಿಜಿಸ್ಟರ್, ಪಕ್ಕದಲ್ಲಿ ಮಕ್ಕಳಿಗೆಂದು ಪೆಪ್ಪರ್‌ಮಿಂಟಿನ ಡಬ್ಬಿ.

ಅವರು ಮೊದಲು ಹೇಳಿದ್ದು ಭಾಷೆಯ ವಿಷಯ.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಿರುಪತಿಯಿಂದ ಮರಳುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗೆ ಇಟ್ಟರೆಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ. ‘ಪಲ್ಲಿ’ ಹೋಗಿ ‘ಪುರ’ ಬಂದರೂ ಊರಿನ ನಾಲಿಗೆಯಿಂದ ತೆಲುಗು ಹೋಗಲಿಲ್ಲ. ರಾಯಲ್ಪಾಡು ಕಡೆಗೆ ಹೋದಷ್ಟೂ ಮನೆಮಾತು ತೆಲುಗೇ. ಶಾಲೆ, ಕಚೇರಿ, ಠಾಣೆ ಮಾತ್ರ ಕನ್ನಡ. ತೆಲುಗಿನಲ್ಲಿ ‘ಕೊಟ್ಟು’ ಅಂದರೆ ಹೊಡೆ. ಕನ್ನಡದಲ್ಲಿ ‘ಕೊಟ್ಟು’ ಅಂದರೆ ನಿಮಗೆ ಗೊತ್ತೇ ಇದೆ. ಏಟು ತಿಂದ ಹೆಂಗಸು ಕಚೇರಿಗೋ ಠಾಣೆಗೋ ಬಂದು “ನಾ ಮೊಗುಡು ಕೊಟ್ಟಿನಾಡು” ಎಂದಾಗ, ದೂರದ ಜಿಲ್ಲೆಯಿಂದ ವರ್ಗವಾಗಿ ಬಂದು ಈ ಕಡೆಯ ಮಾತು ಅರಿಯದವರು ಕೇಳುವ ಮೊದಲ ಪ್ರಶ್ನೆ: “ಏನು ಕೊಟ್ಟ?”

“ಆ ಒಂದು ಪ್ರಶ್ನೆಗೆ ಎಷ್ಟೋ ಜನ ಎದ್ದು ಹೋಗ್ತಾರೆ ಮೇಡಂ,” ಎಂದರು ಸಮಾಲೋಚಕಿ. “ಅದಕ್ಕೇ ನಾನು ಜೊತೆಗೆ ಹೋಗೋದು. ನನ್ನ ಅರ್ಧ ಕೆಲಸ ಪದ ದಾಟಿಸೋದು.”

ಹನ್ನೊಂದರ ಹೊತ್ತಿಗೆ ಒಬ್ಬಳು ಬಂದಳು. ಮೂವತ್ತು ದಾಟಿಲ್ಲ; ಕಂಕುಳಲ್ಲಿ ಬಟ್ಟೆಯ ಚೀಲ, ಕೈ ಹಿಡಿದ ಏಳೆಂಟು ವರ್ಷದ ಮಗಳು. ನಾನು ಎದ್ದು ಹೊರಗೆ ಹೋಗಲು ಹೊರಟೆ. ಸಮಾಲೋಚಕಿ ಅವಳ ಒಪ್ಪಿಗೆ ಕೇಳಿ, ಇರಬಹುದೆಂದರು. “ಎಕ್ಕಡ ನುಂಚಿ ವಚ್ಚಿನಾವಮ್ಮಾ?” ಎಂದು ಮಾತು ಶುರುವಾಯಿತು. ಅವಳು ಹಳ್ಳಿಯ ಹೆಸರು ಹೇಳಿದಳು, ಮಂಡಿಯಲ್ಲಿ ಹಣ್ಣು ಆರಿಸುವ ಕೂಲಿ ಎಂದಳು, ಸುಮ್ಮನಾದಳು. ಆಮೇಲೆ ಎರಡೂ ತೋಳು ಮೇಜಿನ ಮೇಲೆ ಚಾಚಿದಳು.

ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಚರ್ಮ ಸುಡುತ್ತದೆ. ಮೊದಲು ಕೆಂಪು, ಮರುದಿನ ಕಂದು, ವಾರಕ್ಕೆ ಕಪ್ಪು ಕಲೆ. ಹಣ್ಣಿನ ಕಾಲದಲ್ಲಿ ಈ ತಾಲೂಕಿನ ಕೂಲಿ ಹೆಂಗಸರ ಕೈಯೆಲ್ಲ ಹಾಗೇ ಇರುತ್ತದೆ. ಅವಳ ಕೈಯಲ್ಲೂ ಮೊಣಕೈವರೆಗೆ ಹರಳು ಹರಳಾಗಿ ಅಂಥ ಕಲೆಗಳಿದ್ದವು. ಅವುಗಳ ನಡುವೆ ಉದ್ದನೆಯ ಬೇರೆ ಗುರುತುಗಳು. ಅವಳು ತೋರುಬೆರಳಿಟ್ಟು ಒಂದೊಂದನ್ನೇ ವಿಂಗಡಿಸಿದಳು. “ಇದಿ ಸೊನ. ಇದಿ ಸೊನ. ಇದಿ ವಾಡು.” ಇದು ಸೊನೆ, ಇದು ಸೊನೆ, ಇದು ಅವನು. ಮಂಡಿಯಲ್ಲಿ ಕಾಯಿ, ದೋರೆ, ಹಣ್ಣು ಎಂದು ಬೇರೆ ಮಾಡುವ ಅದೇ ಬೆರಳು.

ಸಮಾಲೋಚಕಿ ಬರೆದುಕೊಂಡರು. ಆಸ್ಪತ್ರೆಗೆ ಇಂದೇ ಹೋಗಬೇಕು, ವೈದ್ಯರಿಗೂ ಹೀಗೇ ತೋರಿಸಬೇಕು ಎಂದರು. ನಾಲ್ಕು ದಿನ ತಡವಾದರೆ ಎಲ್ಲ ಕಲೆಯೂ ಒಂದೇ ಬಣ್ಣಕ್ಕೆ ತಿರುಗಿ, ಗಾಯದ ಸರ್ಟಿಫಿಕೇಟಿನಲ್ಲಿ ಎಲ್ಲವೂ ಸೊನೆಯೇ ಆಗಿಬಿಡಬಹುದು.

ಅವಳ ಚೀಲದಲ್ಲಿದ್ದವು ಎರಡು ಸೀರೆ, ಮಗಳ ಒಂದು ಜೊತೆ ಬಟ್ಟೆ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡ್. ಕಾರ್ಡನ್ನು ಆರು ತಿಂಗಳಿಂದ ರಾಗಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಿದ್ದಳಂತೆ. ಕವರಿನ ಮಡಿಕೆಯಲ್ಲಿ ಇನ್ನೂ ನಾಲ್ಕು ಕಾಳು ರಾಗಿ ಇತ್ತು. ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ 2023ರ ಜೂನ್ 11ಕ್ಕೆ ಜಾರಿಗೆ ಬಂದಾಗ ಅದನ್ನು ದೇವಸ್ಥಾನದ ಯಾತ್ರೆಯ ಲೆಕ್ಕದಲ್ಲಿ ಮಾತಾಡಿದವರೇ ಹೆಚ್ಚು. ಈ ಕೋಣೆಯಲ್ಲಿ ಕೂತರೆ ಅದರ ಇನ್ನೊಂದು ಬೆಲೆ ಕಾಣುತ್ತದೆ. ಮನೆ ಬಿಟ್ಟು ಹೊರಟವಳ ಕೈಯಲ್ಲಿ ಬಿಡಿಗಾಸು ಇಲ್ಲದಿದ್ದರೂ ಬಸ್ ಹತ್ತಬಹುದು. ಕರ್ನಾಟಕದ ವಿಳಾಸ ಇರುವ ಕಾರ್ಡ್ ಮಾತ್ರ ಬೇಕು. ಗಡಿ ತಾಲೂಕಿನ ತೊಡಕು ಅಲ್ಲಿಯೇ ಇದೆ. ಆಂಧ್ರದ ಪುಂಗನೂರು, ಮದನಪಲ್ಲಿ ಕಡೆಯಿಂದ ಸೊಸೆಯಾಗಿ ಬಂದವರ ಕಾರ್ಡಿನಲ್ಲಿ ತವರಿನ ವಿಳಾಸವೇ ಉಳಿದಿದ್ದರೆ ಕಂಡಕ್ಟರ್ ಫ್ರೀ ಟಿಕೆಟ್ ಹರಿಯುವಂತಿಲ್ಲ. ವಿಳಾಸ ಬದಲಿಸಲು ಗಂಡನ ಮನೆಯ ಕಾಗದ ಬೇಕು. ಅದನ್ನು ಕೊಡಬೇಕಾದವನು ಯಾರು?

ಕಾನೂನೇನೋ ಚೆನ್ನಾಗಿಯೇ ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದು ಅದು ಹೇಳುತ್ತದೆ. ಅರ್ಜಿ ಬಂದರೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅರವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ಹೆಗಲಿಗೆ ಬಿದ್ದಿದೆ; ಅಂದರೆ ತಾಲೂಕಿನ ಎಲ್ಲ ಅಂಗನವಾಡಿಗಳ ಮೊಟ್ಟೆ, ಹಾಲಿನಪುಡಿ ಲೆಕ್ಕ ನೋಡುವ ಅಧಿಕಾರಿಯೇ ಏಟಿನ ವರದಿಯನ್ನೂ ತುಂಬಬೇಕು. ರಾಜ್ಯ ಸರ್ಕಾರ 2000–01ರಲ್ಲಿ ‘ಸಾಂತ್ವನ’ ಯೋಜನೆ ತಂದು, ಕೇಂದ್ರಗಳನ್ನು ನಡೆಸುವ ಕೆಲಸವನ್ನು ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಿತು. 2015ರಿಂದ ‘ಸಖಿ’ ಕೇಂದ್ರಗಳು ಬಂದವು. ವೈದ್ಯರು, ಪೊಲೀಸರು, ವಕೀಲರ ನೆರವು ಒಂದೇ ಕಡೆ, ತಂಗಲು ಐದು ದಿನದ ಅವಕಾಶ. ಆರನೆಯ ದಿನ ಎಲ್ಲಿಗೆ? ಆ ಪ್ರಶ್ನೆಗೆ ಉತ್ತರ ಹುಡುಕುವುದು ಇಂಥ ಮಹಡಿ ಮೇಲಿನ ಕೋಣೆಗಳ ಕೆಲಸ. ಬಾಡಿಗೆಗೆ ಒಂದು ರೂಮು, ಮಗುವಿಗೆ ಶಾಲೆ, ಹಣ್ಣಿನ ಕಾಲ ಮುಗಿದ ಮೇಲೆ ಇನ್ನೊಂದು ಕೂಲಿ.

ಶಾಲೆಯದು ಆವತ್ತೇ ಬಗೆಹರಿಯಿತು. ಟಿಸಿ ತರದೆ ಬಂದೆನೆಂದು ಆ ತಾಯಿ ಅಳುತ್ತಿದ್ದಳು. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಎಂದು ಸಮಾಲೋಚಕಿ ಹೇಳಿ, ಹೆಡ್‌ಮಾಸ್ಟರಿಗೆ ಫೋನ್ ಹಚ್ಚಿದರು. ಮಗಳು ಅಷ್ಟರಲ್ಲಿ ಪೆಪ್ಪರ್‌ಮಿಂಟಿನ ಡಬ್ಬಿಯನ್ನು ಅರ್ಧ ಮಾಡಿದ್ದಳು.

ಮರುದಿನ ಮುಳಬಾಗಿಲಿಗೆ. ಅಲ್ಲಿನ ಹೊನ್ನಶೆಟ್ಟಿಹಳ್ಳಿಯಲ್ಲಿ ನೆಲೆಯೂರಿದ ‘ಗ್ರಾಮ ವಿಕಾಸ’ ಸಂಸ್ಥೆ ಕೂಲಿ ತಾಯಂದಿರ ಮಕ್ಕಳಿಗೆ ಬಾಲವಾಡಿ, ಹೆಂಗಸರ ಸಂಘ, ಕುರಿಮೇಕೆ ಸಾಕಣೆ ಎಂದು ದಶಕಗಳಿಂದ ದುಡಿದಿದೆ. ನನಗೆ ಇದರಲ್ಲಿ ಬೆಲೆಯುಳ್ಳದ್ದೆನಿಸಿದ್ದು ಮೇಕೆ. ಜಮೀನು ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ ಇರುವ ಕಡೆ, ಹೆಂಗಸೊಬ್ಬಳು ತನ್ನದೆಂದು ಹಗ್ಗ ಹಿಡಿದು ನಡೆಸಿಕೊಂಡು ಹೋಗಬಹುದಾದ ಆಸ್ತಿ ಅದೊಂದೇ. ಮಾರಲು ಯಾರ ಸಹಿಯೂ ಬೇಡ.

ಬೇತಮಂಗಲದ ಕೆರೆ ಬಳಸಿ ಬಸ್ಸು ಕೆಜಿಎಫ್ ಕಡೆ ಹೊರಟಿತು. ಒಂದು ಕಾಲಕ್ಕೆ ಚಿನ್ನದ ಗಣಿಗೆ ನೀರು ಕೊಟ್ಟ ಕೆರೆ ಇದು. ಪಕ್ಕದಲ್ಲಿ ಕೂತ ಅಜ್ಜಿಯ ಮಡಿಲಲ್ಲಿ ಸಂಘದ ಪಾಸ್‌ಬುಕ್ಕು. ಈ ಜಿಲ್ಲೆಗೆ ಆ ಪುಸ್ತಕದೊಡನೆ ಹಳೆಯ ನಂಟಿದೆ. ‘ಮೈರಾಡ’ ಸಂಸ್ಥೆ ಬಂಗಾರಪೇಟೆ ತಾಲೂಕಿನ ಕಾಮಸಮುದ್ರದ ಸುತ್ತ ಕಟ್ಟಿದ ಸಂಘಗಳಿಗೆ ಬ್ಯಾಂಕುಗಳು ನೇರವಾಗಿ ಸಾಲ ಕೊಡಲು ಮುಂದಾದದ್ದು 1991ರ ಕೊನೆಗೆ. ಮುದುಗುಳಿ ಎಂಬ ಹಳ್ಳಿಯ ಮಹಿಳಾ ಸಂಘಕ್ಕೆ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಕೊಟ್ಟ ಸಾಲ ದೇಶದಲ್ಲೇ ಮೊದಲನೆಯವುಗಳಲ್ಲಿ ಒಂದು. 1992ರಲ್ಲಿ ನಬಾರ್ಡ್ 500 ಸಂಘಗಳೊಂದಿಗೆ ಇದನ್ನು ದೇಶಕ್ಕೆ ಹರಡಲು ಹೊರಟಿತು. ಹೆಂಗಸರ ಗುಂಪಿನ ಮಾತೇ ಜಾಮೀನು ಎಂದು ಬ್ಯಾಂಕು ಒಪ್ಪಿದ್ದು ನಮ್ಮ ರಾಗಿ ಸೀಮೆಯಲ್ಲಿ!

ಅದೇ ನಂಬಿಕೆಯ ಬೆನ್ನು ಹತ್ತಿ ಖಾಸಗಿ ಮೈಕ್ರೋಫೈನಾನ್ಸ್ ಬಂತು. ವಾರದ ಕಂತು ಬಂತು. 2009ರ ಹೊತ್ತಿಗೆ ಕೋಲಾರ ಪಟ್ಟಣದಲ್ಲಿ, ರೇಷ್ಮೆ ಬಿಚ್ಚಣಿಕೆ ನಂಬಿದ ಕುಟುಂಬಗಳಲ್ಲಿ ಸಾಲ ಕಟ್ಟಲಾಗದೆ ಎದ್ದ ಗಲಾಟೆ ದೇಶದ ಗಮನ ಸೆಳೆಯಿತು. 2025ರ ಫೆಬ್ರವರಿಯಲ್ಲಿ ವಸೂಲಿ ದಬ್ಬಾಳಿಕೆ ತಡೆಯಲು ರಾಜ್ಯ ಸುಗ್ರೀವಾಜ್ಞೆ ತಂದು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಮನೆ ಮುಂದೆ ಬಂದು ಕೂರುವ ವಸೂಲಿಯವನಿಗೂ ಮನೆಯೊಳಗಿನ ಏಟಿಗೂ ಇರುವ ಗಂಟನ್ನು ಶ್ರೀನಿವಾಸಪುರದ ಆ ಕೋಣೆಯಲ್ಲಿ ನಾನು ಕೇಳಿಬಂದಿದ್ದೆ. ಸಾಲದ ಚೀಟಿ ಅವಳ ಹೆಸರಲ್ಲಿ, ಖರ್ಚು ಮಾಡಿದವನು ಅವನು, ಕಂತಿನ ದಿನ ಏಟು ಮತ್ತೆ ಅವಳಿಗೆ.

ಕೆಜಿಎಫ್‌ನಲ್ಲಿ ರಾತ್ರಿ ಉಳಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಸೈನೈಡ್ ದಿಬ್ಬಗಳ ನೆರಳಿನ ಕಾಲೊನಿ ಸಾಲುಗಳಲ್ಲಿ ಈಗಲೂ ಜನ ಇದ್ದಾರೆ. ಇಂಥದೊಂದು ಸಾಲಿನಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಮನೆಯವರದು ಒಣ ಪಾಯಿಖಾನೆಗಳಿಂದ ಮಲ ಬಳಿದು ಹೊರುವ ಕೆಲಸ. ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1993ರಲ್ಲಿ ಬಂದರೂ ಪಾಯಿಖಾನೆಗಳು ಹಾಗೇ ಇದ್ದವು. ಅವರು ಫೋಟೊ ತೆಗೆಸಿದರು, ಪತ್ರಗಳನ್ನು ಬರೆದರು, ಸುದ್ದಿಯಾಗುವಂತೆ ಮಾಡಿದರು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮಾಲೂರು ತಾಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೊ ಹೊರಬಿತ್ತು. ಅದನ್ನು ನೋಡಿದ ದಿನದ ಸಂಕಟ ನನ್ನಿಂದ ಇನ್ನೂ ಹೋಗಿಲ್ಲ. ಅದಕ್ಕೂ ಒಂದು ವರ್ಷ ಹಿಂದೆ, ಅದೇ ತಾಲೂಕಿನ ಹಳ್ಳಿಯೊಂದರಲ್ಲಿ ದಲಿತ ಹುಡುಗ ದೇವರ ಉತ್ಸವದ ಕೋಲು ಮುಟ್ಟಿದನೆಂದು ಅವನ ಮನೆಗೆ 60,000 ರೂಪಾಯಿ ದಂಡ ಹಾಕಿದ್ದರು. ತಿಂಗಳಿಡೀ ದುಡಿದರೂ ಕೂಲಿ ಮನೆಯೊಂದಕ್ಕೆ ಅದರ ಕಾಲು ಭಾಗ ಸಿಗುವುದು ಕಷ್ಟ.

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತಿದೆ. ಗಣಿ ಮುಚ್ಚಿದ ಮೇಲೆ ಈ ಊರಿನ ಹೊಟ್ಟೆ ತುಂಬಿಸುತ್ತಿರುವುದು ಈ ಹಳಿ. ಬಂಗಾರಪೇಟೆಯಲ್ಲಿ ಬೋಗಿ ಕಿಕ್ಕಿರಿಯಿತು. ಹೌಸ್‌ಕೀಪಿಂಗ್ ಸಮವಸ್ತ್ರದ ಹೆಂಗಸರು ಸೀಟಿಗೆ ಐದು ಜನ ಒತ್ತಿ ಕೂತರು. ಒಬ್ಬಳು ಇನ್ನೊಬ್ಬಳಿಗೆ ಜಡೆ ಹಾಕುತ್ತಿದ್ದಳು. ಡಬ್ಬಿಯ ಚಿತ್ರಾನ್ನ ಕೈಯಿಂದ ಕೈಗೆ ದಾಟುತ್ತಿತ್ತು.

ಟ್ಯಾಕಲ್ ದಾಟುವಾಗ ಶ್ರೀನಿವಾಸಪುರದಿಂದ ಫೋನ್. ವರದಿ ನಮೂನೆ ತುಂಬಿ ಆಯಿತು, ಸೋಮವಾರ ಕೋರ್ಟಿಗೆ ಹೋಗುತ್ತದೆ ಎಂದರು ಸಮಾಲೋಚಕಿ. “ಅವಳ ಮಾತನ್ನ ಹಾಗೇ ಬರೆಸಿದೀನಿ, ಕೊಟ್ಟಿನಾಡು ಅಂತ. ಪಕ್ಕದಲ್ಲಿ ಕಂಸದೊಳಗೆ ಹೊಡೆದನು ಅಂತ.” ಅವಳೆಲ್ಲಿ ಎಂದು ಕೇಳಿದೆ. ಕೂಲಿ ತಪ್ಪಬಾರದೆಂದು ಮಂಡಿಗೆ ಹೋಗಿದ್ದಾಳೆ, ಮಗುವನ್ನು ತಮ್ಮ ಮನೆಯಲ್ಲಿ ಬಿಟ್ಟಿದ್ದಾಳೆ, ಶಾಲೆಗೆ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಆಮೇಲೆ ಫೋನು ಮಗುವಿನ ಕೈಗೆ ಹೋಯಿತು.

“ಅದೇನು ಸದ್ದು?” ಎಂದಳು.

“ರೈಲು, ಪುಟ್ಟಾ.”

“ನಮ್ಮೂರಿಗೂ ಬರ್ತದಾ?”

ಬರುತ್ತದೆ, ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ನಿಮ್ಮೂರಲ್ಲಿ ನಿಲ್ಲುತ್ತದೆ ಎಂದೆ. ಇನ್ನೊಂದು ಸಲ ಕೇಳಿಸು ಎಂದಳು. ಕಿಟಕಿಯ ಕಂಬಿಗಳ ನಡುವೆ ಕೈ ಹಾಕಿ ಫೋನನ್ನು ಹೊರಗೆ ಹಿಡಿದೆ. ಮಾಲೂರು ಬರುವವರೆಗೂ ಅವಳು ಇಡಲಿಲ್ಲ.